ಸೀನು ಸಾಹೇಬರ ಕೊಕ್ಕಿಲ್ಲದ ಗಿಳಿ

“ನೋಡ್ತಿರು ಅಲಮೇಲು! ಭಾನುವಾರ ಸಾಯಂಕಾಲದ ಹೊತ್ತಿಗೆ ಈ ಮೇಜಿನ ಮೇಲೆ ಇನ್ನೂರು ಸಕ್ಕರೆ ಅಚ್ಚು ಸಾಲಾಗಿ ನಿಂತಿರ್ತವೆ. ಗಿಳಿ, ಆನೆ, ಗೋಪುರ... ಒಂದೊಂದೂ ನನ್ನ ಕೈಯಾರೆ ಮಾಡಿದ್ದು!”

ಸೀನು ಸಾಹೇಬರು ಶುಕ್ರವಾರ ಮೊಸರನ್ನದ ತಟ್ಟೆಯ ಮುಂದೆ ಕೂತು, ಬಲಗೈ ಮೇಲೆತ್ತಿ ಈ ಭೀಷ್ಮಪ್ರತಿಜ್ಞೆ ಮಾಡಿದರು. ಎತ್ತಿದ ಕೈಯಿಂದ ಎರಡು ಅಗುಳು ಅನ್ನ ಕನ್ನಡಕದ ಮೇಲೆ ಬಿತ್ತು. ದೇವತೆಗಳು ಹೂಮಳೆ ಕರೆಯದಿದ್ದರೂ ಅಷ್ಟಾದರೂ ಆಯಿತಲ್ಲ!

“ಉಪ್ಪಿನಕಾಯಿ ಹಾಕ್ಲಾ?” ಎಂದರು ಅಲಮೇಲು.

ಸೀನು ಸಾಹೇಬರೆಂದರೆ ಸಾಮಾನ್ಯರೆಂದುಕೊಂಡಿರಾ? ಬನ್ನೇರುಘಟ್ಟ ರಸ್ತೆಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಲಾರಿಗಳ ಓಡಾಟ ನೋಡಿಕೊಳ್ಳುವ ಮ್ಯಾನೇಜರು. ಬೀದರಿನಿಂದ ಚಾಮರಾಜನಗರದವರೆಗೆ ಆ ಕಂಪನಿಯ ಲಾರಿಗಳ ಚಕ್ರ ತಿರುಗುತ್ತಿರುವುದು ಡೀಸೆಲ್ಲಿನಿಂದಲ್ಲ, ತಮ್ಮ ಫೋನಿನಿಂದ ಎಂಬುದು ಅವರ ಅಚಲ ನಂಬಿಕೆ. ಫೋನು ಅವರ ಎಡಗೈಯ ಆರನೇ ಬೆರಳು. ಸ್ವಂತ ತಂಗಿಯ ಧಾರೆಯ ಹೊತ್ತಿನಲ್ಲಿ “ಟೈರ್ ಬದಲಾಯಿಸಯ್ಯಾ, ಟೈರ್!” ಎಂದು ಕೂಗಿ ಪುರೋಹಿತರಿಗೆ ಮಂತ್ರವೇ ಮರೆತುಹೋಗುವಂತೆ ಮಾಡಿದ್ದರು. ಭಾನುವಾರವಂತೂ ಅವರಿಗೆ ವಾರದ ಏಳನೆಯ ಕೆಲಸದ ದಿನ. “ಹವ್ಯಾಸ ಅನ್ನೋದು ಕೆಲಸ ಇಲ್ಲದವರು ಮಾಡೋ ಕೆಲಸ” ಎಂಬುದು ಅವರ ಸುಭಾಷಿತ.

ಇನ್ನು ಅಲಮೇಲು. ಜಯನಗರದ ಸಹಕಾರಿ ಬ್ಯಾಂಕೊಂದರ ಶಾಖೆಗೆ ಅವರೇ ಮ್ಯಾನೇಜರು. ಬೆಳಗ್ಗೆ ಜೆ.ಪಿ. ನಗರದಲ್ಲಿ ಮೆಟ್ರೋ ಹತ್ತಿದರೆ ಮನೆ ಸೇರುವಾಗ ಬೀದಿದೀಪ ಹತ್ತಿರುತ್ತದೆ. ಆದರೂ ಬೇಸಿಗೆ ಬಂದರೆ ತಾರಸಿಯ ಮೇಲೆ ಇವರ ಸಂಡಿಗೆ ಒಣಗುತ್ತದೆ, ನವರಾತ್ರಿಗೆ ಗೊಂಬೆಗಳು ಮೆಟ್ಟಿಲೇರುತ್ತವೆ, ಧನುರ್ಮಾಸದಲ್ಲಿ ಬಾಗಿಲ ಮುಂದಿನ ರಂಗೋಲಿ ದಾಟಲು ಹಾಲಿನವನೂ ಹೆದರುತ್ತಾನೆ. ಸಂಕ್ರಾಂತಿ ಹತ್ತಿರವಾದರೆ ಸಕ್ಕರೆ ಅಚ್ಚು. ಅಜ್ಜಿಯಿಂದ ಬಂದ ಮರದ ಅಚ್ಚುಗಳನ್ನು ಅಟ್ಟದಿಂದ ಇಳಿಸಿ, ಬಕೆಟ್ಟಿನಲ್ಲಿ ನೆನೆಹಾಕಿ, ದಿನಾ ಸಂಜೆ ಒಂದಿಷ್ಟು ಮಾಡುತ್ತಾರೆ. ಎಳ್ಳುಬೆಲ್ಲದ ಜೊತೆ ಆ ಬಿಳಿಯ ಗಿಳಿಗಳನ್ನು ಕೊಟ್ಟರೆ, ಪಡೆದವರಿಗೆ ತಿನ್ನಲು ಮನಸ್ಸು ಬಾರದು. ಷೋಕೇಸಿನಲ್ಲಿಟ್ಟು ಇರುವೆಗಳಿಗೆ ಹಬ್ಬ ಮಾಡಿಸುತ್ತಾರೆ. ಆಹಾ, ಆ ಗಿಳಿಯ ಕೊಕ್ಕು! ಈಗಲೋ ಆಗಲೋ ಸೀಬೆಹಣ್ಣು ಕುಕ್ಕೀತು ಎನ್ನುವಷ್ಟು ಚೂಪು.

“ನಿನಗೆ ಇದಕ್ಕೆಲ್ಲ ಟೈಮ್ ಎಲ್ಲಿಂದ ಬರುತ್ತೆ?” ಎಂದು ಸಾಹೇಬರು ಒಮ್ಮೆ ಕೇಳಿದ್ದರು.

“ಟೈಮ್ ಬರಲ್ಲ ರೀ, ಎತ್ತಿಡಬೇಕು. ಬೆಣ್ಣೆ ಕಾಯಿಸಿದಾಗ ಹಬ್ಬಕ್ಕೆ ಅಂತ ಒಂದು ಬಟ್ಟಲು ತುಪ್ಪ ಎತ್ತಿಡ್ತೀವಲ್ಲ, ಹಾಗೆ. ಇಲ್ದಿದ್ರೆ ದಿನದ ಸಾರಿನ ಒಗ್ಗರಣೆಗೇ ಮುಗಿದುಹೋಗುತ್ತೆ.”

ಎಂಥಾ ಮಾತು! ನೀವು ನಾವೆಲ್ಲ ತಲೆದೂಗಬೇಕಾದ ಮಾತು. ಸಾಹೇಬರಿಗೆ ಮಾತ್ರ ತಲೆದೂಗಲು ಪುರುಸೊತ್ತಾಗಲಿಲ್ಲ, ಅಷ್ಟರಲ್ಲಿ ಫೋನ್ ಬಂದಿತ್ತು.

ಇಂಥ ಮಹಾನುಭಾವರು ಸಕ್ಕರೆ ಅಚ್ಚಿನ ಪ್ರತಿಜ್ಞೆ ಮಾಡಿದ್ದೇಕೆ? ಅದೇ ಶುಕ್ರವಾರ ಆಫೀಸಿನಲ್ಲಿ ನಡೆದ ಮೀಟಿಂಗಿನ ಫಲ. ಕಂಪನಿಗೆ ಹೊಸದಾಗಿ ಬಂದ ದೊಡ್ಡ ಬಾಸ್ ವಿಜಯಲಕ್ಷ್ಮಿ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಒಂದು ವಿಚಿತ್ರ ಪ್ರಶ್ನೆ ಕೇಳಿದರು: “ಆಫೀಸ್ ಬಿಟ್ಟು ನೀವೇನು ಮಾಡ್ತೀರಾ?”

ಸಾಹೇಬರ ಕೈಕೆಳಗಿನ ಭಾರ್ಗವ ತಾನು ಕೊಳಲು ಕಲಿಯುತ್ತಿದ್ದೇನೆ ಎಂದ. ಲೆಕ್ಕಪತ್ರದ ಯುವರಾಜ್ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಹಕ್ಕಿ ನೋಡುತ್ತೇನೆ ಎಂದ. ಸಾಹೇಬರ ಸರದಿ ಬಂತು. ‘ಆಫೀಸ್ ಬಿಟ್ಟು ಆಫೀಸೇ ಮಾಡ್ತೀನಿ’ ಎನ್ನಲಾದೀತೇ? ಅದೇ ಬೆಳಗ್ಗೆ ಮರದ ಅಚ್ಚು ನೆನೆಹಾಕಿದ್ದ ಬಕೆಟ್ಟನ್ನು ಎಡವಿದ್ದ ಹೆಬ್ಬೆರಳು ಷೂಸಿನೊಳಗೆ ಚುರುಕ್ಕೆಂದಿತು. ಹೆಬ್ಬೆರಳು ಹೇಳಿಕೊಟ್ಟದ್ದನ್ನು ಬಾಯಿ ಆಡಿಬಿಟ್ಟಿತು.

“ಸಕ್ಕರೆ ಅಚ್ಚು ಮೇಡಂ! ಪ್ರತಿ ಸಂಕ್ರಾಂತಿಗೂ ನಾನೇ ಮಾಡೋದು!”

ಮೇಡಂ ಹುಬ್ಬೇರಿಸಿದರು. “ಓಹೋ! ನಿಮ್ಮನೆಯವರು ಜಯನಗರದ ಬ್ಯಾಂಕಲ್ಲಿ ಅಲ್ವಾ ಇರೋದು?”

“ಹೌದು ಮೇಡಂ. ಪಾಪ, ಅವಳಿಗೆಲ್ಲಿ ಟೈಮು!”

“ಹಾಗಾದ್ರೆ ಹಬ್ಬದ ಹಿಂದಿನ ದಿನ ತಗೊಂಡ್ಬನ್ನಿ ಸೀನು. ಎಲ್ಲರೂ ನೋಡೋಣ” ಎಂದ ಮೇಡಂ ಒಂದು ಸಣ್ಣ ನಗೆ ನಕ್ಕರು. ಅದು ಗೌರವದ ನಗೆ ಎಂದು ಸಾಹೇಬರು ಎದೆಯುಬ್ಬಿಸಿದರು. ಮನೆ ಸೇರುವ ಹೊತ್ತಿಗೆ ಆ ಎದೆ ಢವಗುಟ್ಟುತ್ತಿತ್ತು. ಹಬ್ಬದ ಹಿಂದಿನ ದಿನ ಬರಿಗೈಯಲ್ಲಿ ಹೋದರೆ, ಹೊಸ ಬಾಸಿನ ಮುಂದೆ, ಇಡೀ ಆಫೀಸಿನ ಮುಂದೆ ಸುಳ್ಳುಗಾರನೆಂಬ ಬಿರುದು!

“ಪ್ರತಿ ಸಂಕ್ರಾಂತಿಗೂ ನೀವೇ ಮಾಡೋದಾ?” ಅಲಮೇಲು ಸೌಟು ಹಿಡಿದು ನಿಂತರು.

“ಖಾಲಿ ಮಾಡೋದು ನಾನೇ ತಾನೇ?” ಎಂದ ಸಾಹೇಬರು ದನಿ ತಗ್ಗಿಸಿದರು. “ನೀನೇ ಒಂದಷ್ಟು ಜಾಸ್ತಿ ಹಾಕ್ಬಿಡು. ಡಬ್ಬಿ ನಾನು ತಗೊಂಡ್ಹೋಗ್ತೀನಿ.”

“ಆಗಲ್ಲ. ನಾನು ಮಾಡಿದ್ದಕ್ಕೆ ನೀವು ಹೆಸರು ತಗೊಳ್ಳೋದಾ? ಹವ್ಯಾಸ ನಿಮ್ಮದಾದ್ರೆ ಕೈಯೂ ನಿಮ್ಮದೇ ಇರಲಿ.”

ರೇಗಿತು ಸಾಹೇಬರಿಗೆ. ರಾಜ್ಯದ ತುಂಬ ಲಾರಿ ಓಡಿಸುವವನಿಗೆ ಸಕ್ಕರೆ ಒಂದು ಲೆಕ್ಕವೇ? ಆಗ ಬಂದದ್ದೇ ಮೇಲೆ ಹೇಳಿದ ಪ್ರತಿಜ್ಞೆ.

ಭಾನುವಾರ ಅಲಮೇಲು ಬನಶಂಕರಿಯಲ್ಲಿರುವ ಅಕ್ಕನ ಮನೆಗೆ ಹೊರಟರು. ಚಪ್ಪಲಿ ಮೆಟ್ಟುತ್ತಲೇ ಹೇಳಿದರು: “ಮರದ ಅಚ್ಚು ಒದ್ದೆ ಇದ್ದಾಗ್ಲೇ ಎರಡು ಹೋಳು ಸೇರಿಸಿ ದಾರ ಕಟ್ಟಿ. ಪಾಕ ಒಂದು ಸಲಕ್ಕೆ ಒಂದೇ ಸೌಟು. ಹದ ಬರೋ ಹೊತ್ತಿಗೆ ಕಣ್ಣು ಆಚೆ ಈಚೆ ಹೋಗಬಾರದು. ಕೇಳಿಸ್ತಾ?”

ಕಂಡಕ್ಟರು “ಮುಂದೆ ಹೋಗಿ, ಮುಂದೆ ಹೋಗಿ” ಎನ್ನುವುದು ಬಸ್ಸಿನ ಪ್ರಯಾಣಿಕರಿಗೆ ಎಷ್ಟು ಕೇಳಿಸುತ್ತದೋ ಅಷ್ಟು ಕೇಳಿಸಿತು.

ಬಾಗಿಲು ಮುಚ್ಚಿದ್ದೇ ಸಾಹೇಬರು ಪಂಚೆ ಎತ್ತಿ ಕಟ್ಟಿದರು. ಒಂದು ಸಲಕ್ಕೆ ಒಂದು ಸೌಟಂತೆ! ಒಂದೊಂದೇ ಮೂಟೆಗೆ ಒಂದೊಂದು ಲಾರಿ ಕಳಿಸುತ್ತಾರೆಯೇ? ಪುಳಿಯೋಗರೆ ಗೊಜ್ಜು ಕಾಯಿಸುವ ದೊಡ್ಡ ಬಾಣಲೆ ಇಳಿಯಿತು. ಐದು ಕಿಲೋ ಸಕ್ಕರೆಯೂ ಒಂದೇ ಸಲ ಇಳಿಯಿತು, ಹಿಂದೆಯೇ ನೀರು. ಪಾಕ ಕುದಿಯುವಷ್ಟರಲ್ಲಿ ಸಾಹೇಬರ ಕಣ್ಣು ಬಕೆಟ್ಟಿನಲ್ಲಿದ್ದ ಮರದ ಅಚ್ಚುಗಳ ಮೇಲೆ ಬಿತ್ತು. ತೊಟ್ಟಿಕ್ಕುವಷ್ಟು ಒದ್ದೆ! ‘ಒದ್ದೆ ಇದ್ದರೆ ಸಕ್ಕರೆ ಗಟ್ಟಿಯಾಗುವುದೆಂತು? ಈ ಹೆಂಗಸರಿಗೆ ಇಷ್ಟೂ ಹೊಳೆಯಲಿಲ್ಲವೇ!’ ಎಂದು ಮರುಗಿ, ಅಲಮೇಲು ಕೂದಲು ಒಣಗಿಸುವ ಯಂತ್ರ ತಂದು, ಅಜ್ಜಿಯ ಕಾಲದ ಅಚ್ಚುಗಳಿಗೆಲ್ಲ ಬಿಸಿಗಾಳಿ ಊದಿ ಗರಿಗರಿಯಾಗಿ ಒಣಗಿಸಿದರು. ಕಟ್ಟಲು ದಾರ ಸಿಗಲಿಲ್ಲ. ಆಫೀಸಿನ ಗುರುತಿನ ಚೀಟಿಯ ಪಟ್ಟಿ ಬಿಚ್ಚಿ ಗಿಳಿಗೆ ಕಟ್ಟಿದರು. ಆನೆಗೆ ಪೈಜಾಮದ ಲಾಡಿ ಬಂತು.

ಪಾಕ ಉಕ್ಕಿತು. ಸಾಹೇಬರು ಮೊದಲ ಸೌಟು ಎತ್ತಿ ಗಿಳಿಗೆ ಹೊಯ್ದರು. ನೆನೆದ ಮರ ಉಬ್ಬಿ, ಎರಡು ಹೋಳು ಅಂಟಿ ಕೂತು, ಸಂದು ಮುಚ್ಚುತ್ತದೆ. ಒಣಗಿದ ಮರಕ್ಕೆ ಯಾವ ದಾಕ್ಷಿಣ್ಯ? ಮೇಲಿಂದ ಹೋದ ಪಾಕ ಕೆಳಗಿಂದ ಬಂತು. ಕಲ್ಲಿನ ಕಟ್ಟೆಯ ಮೇಲೆ ಹರಿದು, ಅಲ್ಲಿಂದ ನೆಲಕ್ಕಿಳಿದು, ಸಾಹೇಬರ ಚಪ್ಪಲಿಯ ಸುತ್ತ ಕೆರೆ ಕಟ್ಟಿತು. “ಅಯ್ಯೋ ಪೆರುಮಾಳೇ!” ಎಂದು ಕಾಲು ಕಿತ್ತರೆ ಕಾಲು ಬಂತು, ಚಪ್ಪಲಿ ಬರಲಿಲ್ಲ.

ಸರಿಯಾಗಿ ಆಗಲೇ ಫೋನ್! ಭಾರ್ಗವ.

“ಸಾರ್, ಹಿರಿಯೂರು ಹತ್ರ ಲಾರಿ ನಿಂತ್ಹೋಗಿದೆ. ಏನ್ಮಾಡೋದು?”

“ನಾನು ಹೇಳೋವರೆಗೂ ಯಾರೂ ಏನೂ ಮಾಡಬೇಡಿ!” ಎಂದು ಗುಡುಗಿದ ಸಾಹೇಬರು ಸೌಟನ್ನು ಬಾಣಲೆಯಲ್ಲೇ ಬಿಟ್ಟು, ಒಲೆ ಆರಿಸಿ, ಒಂಟಿ ಚಪ್ಪಲಿಯಲ್ಲಿ ಹಾಲಿಗೆ ಕುಂಟಿದರು. ಡ್ರೈವರನಿಗೆ ಬುದ್ಧಿ ಹೇಳಿದರು, ಮೆಕ್ಯಾನಿಕ್‌ಗೆ ಇನ್ನಷ್ಟು ಬುದ್ಧಿ ಹೇಳಿದರು, ಗಾಡಿ ಮುಟ್ಟುವ ಮೊದಲು ತಮ್ಮನ್ನೇ ಕೇಳಬೇಕೆಂದರು. ಎಲ್ಲರೂ “ಆಯ್ತು ಸಾರ್” ಎಂದರು. ತೃಪ್ತಿಯಿಂದ ಅಡುಗೆಮನೆಗೆ ಬಂದು ಸೌಟು ಎತ್ತಿದರು.

ಸೌಟಿನ ಜೊತೆ ಬಾಣಲೆಯೂ ಎದ್ದು ಬಂತು!

ಐದು ಕಿಲೋ ಪಾಕ ಬಾಣಲೆಯೊಳಗೇ ಬೆಳ್ಳಗೆ ಬಂಡೆಯಾಗಿ ಕೂತಿತ್ತು. ಸೌಟು ಮಧ್ಯದಲ್ಲಿ ಗರುಡಗಂಬದಂತೆ ನೆಟ್ಟಗೆ ನಿಂತಿತ್ತು. ಸಾಹೇಬರು ಎಳೆದರು, ಕಾಲು ಕೊಟ್ಟು ಎಳೆದರು. ನೀರು ಹೊಯ್ದು ಉರಿ ಜೋರು ಮಾಡಿದರು. ಮೇಲಿನ ನೀರು ಬಿಸಿಯಾಗುವ ಮೊದಲೇ ಬಾಣಲೆಯ ಅಂಚಿಗಂಟಿದ ಪಾಕ ಸೀದು ಮನೆಯೆಲ್ಲ ಹೊಗೆ. ಕೊನೆಗೆ ಬಾಣಲೆಯನ್ನು ವಾಲಿಸಿ ನೆಲಕ್ಕೆ ಕುಟ್ಟತೊಡಗಿದರು.

ಕೆಳಗಿನ ಮನೆಯಲ್ಲಿ ಶಂಭುಲಿಂಗಪ್ಪನವರಿದ್ದಾರೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು, ಈಗ ಹಳೆಯ ಗೋಡೆ ಗಡಿಯಾರ ಬಿಚ್ಚಿ ಜೋಡಿಸುವ ಹುಚ್ಚು. ತಲೆಯ ಮೇಲೆ ಸೂರು ಅದುರಿದ್ದಕ್ಕೆ ಸುತ್ತಿಗೆ ಹಿಡಿದೇ ಮೇಲೆ ಬಂದರು. ಅಷ್ಟರಲ್ಲಿ ಬಂಡೆ ಬಾಣಲೆಯಿಂದ ಕಳಚಿ ಅಡುಗೆಮನೆಯ ನಡುವೆ ದುಂಡಗೆ, ಬೆಳ್ಳಗೆ ಕೂತಿತ್ತು. ನೋಡಿದವರೇ ಕೈಮುಗಿದರು.

“ಏನ್ರೀ ಇದು! ಅಯ್ಯಂಗಾರ್ ಮನೇಲಿ ಹಿಮಲಿಂಗ ಉದ್ಭವ ಆಗಿದೆಯಲ್ರೀ!”

“ಲಿಂಗ ಅಲ್ಲ ಸಾರ್, ಸಕ್ಕರೆ ಅಚ್ಚು.”

“ಯಾವುದರ ಅಚ್ಚು? ನಂದಿ ಬೆಟ್ಟದ್ದಾ?” ಎಂದು ಕೇಳಿ, ಸುತ್ತಿಗೆಯಿಂದ ಒಂದು ಬಿಟ್ಟರು. ಸುತ್ತಿಗೆ ಪುಟಿದು ಬಂತು. ಕಾಳಷ್ಟು ಚೂರು ಹಾರಿತು. “ಸಕ್ಕರೆನೇನ್ರೀ ಇದು, ಸಾದರಹಳ್ಳಿ ಕಲ್ಲಾ? ಸುತ್ತಿಗೆ ಇಟ್ಕೊಂಡಿರಿ, ನಿಮಗೇ ಬೇಕಾಗುತ್ತೆ” ಎಂದು ಸೌಟನ್ನು ಮಾತ್ರ ಬಿಡಿಸಿಕೊಟ್ಟು ಇಳಿದುಹೋದರು.

ಅಲಮೇಲು ಬಂದಾಗ ಇನ್ನೂ ಬಿಸಿಲಿತ್ತು. ನೆಲಕ್ಕಂಟಿದ ಚಪ್ಪಲಿ ನೋಡಿದರು. ಲಿಂಗ ನೋಡಿದರು. ಪೈಜಾಮದ ಲಾಡಿ ಉಟ್ಟ ಆನೆಯನ್ನು ನೋಡಿದರು. ಬಾಯಿಗೆ ಸೆರಗು ಹಿಡಿದು ನಗಲು ಶುರುಮಾಡಿದವರು, ಒಣಗಿ ಬಿಳಿಚಿಕೊಂಡ ಗಿಳಿಯ ಮರದಚ್ಚು ಕೈಗೆತ್ತಿಕೊಂಡಾಗ ನಗು ನಿಲ್ಲಿಸಿದರು. ಬೆರಳಿನಿಂದ ಅದರ ಅಂಚು ಸವರಿದರು.

“ಒಣಗಿಸಿದ್ರಾ?”

“ಹೂಂ.”

“ಇದು ನಮ್ಮಜ್ಜಿ ಕೈಲಿ ಸವೆದಿದ್ದು ರೀ. ಪುಣ್ಯಕ್ಕೆ ಬಿರುಕು ಬಿಟ್ಟಿಲ್ಲ.” ಅಷ್ಟೇ ಹೇಳಿ ಅದನ್ನು ಮೆಲ್ಲಗೆ ನೀರಿಗಿಳಿಸಿದರು. ಬೈದಿದ್ದರೆ ಸಾಹೇಬರು ತಿರುಗಿ ಬೈಯುತ್ತಿದ್ದರು. ಬೈಯಲಿಲ್ಲವಲ್ಲ, ಅದೇ ಚುಚ್ಚಿತು. ನಿಜವಾಗಿಯೂ ನಾಚಿಕೆಯಾಯಿತು.

“ನನ್ನ ಕೈಲಾಗಲ್ಲ ಬಿಡು ಅಲಮೇಲು. ಮೇಡಂ ಮುಂದೆ ತಪ್ಪಾಯ್ತು ಅಂತೀನಿ.”

“ಅಷ್ಟು ಬೇಗ ಸೋತ್ರಾ? ಲಾರಿ ಓಡಿಸೋರು!” ಎಂದ ಅಲಮೇಲು ಕೈ ಚಾಚಿದರು. “ಫೋನ್ ಕೊಡಿ.”

ಕೊಟ್ಟರು. ಅದು ಸೀದಾ ಅಕ್ಕಿ ಡಬ್ಬಿಗೆ ಹೋಯಿತು! ಮೇಲೆ ಎರಡು ಪಾವು ಅಕ್ಕಿ, ಅದರ ಮೇಲೆ ಮುಚ್ಚಳ. ಸಾಹೇಬರ ಜೀವವೇ ಅಕ್ಕಿಯೊಳಗೆ ಹೂತುಹೋದಂತಾಯಿತು.

ಮರ ಮತ್ತೆ ನೆನೆಯುವವರೆಗೆ ನೆಲ ಉಜ್ಜಿದ್ದಾಯಿತು. ಆಮೇಲೆ ಅಲಮೇಲು ಹೊಸ ಸಕ್ಕರೆ ಕರಗಿಸಿ, ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಒಂದೇ ಒಂದು ಸೌಟು ಪಾಕವನ್ನು ಪುಟ್ಟ ಪಾತ್ರೆಗೆ ಬಿಟ್ಟರು. ನಾಲ್ಕು ಹನಿ ನಿಂಬೆರಸ. “ಕಲಕ್ತಾ ಇರಿ. ಅಂಚು ನೋಡಿ. ಬೆಳ್ಳಗಾಗಕ್ಕೆ ಶುರುವಾದ ತಕ್ಷಣ ಹೊಯ್ಯಬೇಕು. ಮುಂಚೆ ಹೊಯ್ದ್ರೆ ಕೂರಲ್ಲ, ತಡ ಆದ್ರೆ...”

“ಹಿಮಲಿಂಗ.”

“ಹಾಂ! ಅದಕ್ಕೇ ನನಗೆ ಇದು ಇಷ್ಟ ರೀ. ಬ್ಯಾಂಕಲ್ಲಿ ಬೆಳಗಿಂದ ಹತ್ತು ಜನ ಹತ್ತು ಕಡೆ ಎಳೀತಾರೆ. ಇಲ್ಲಿ ನಿಂತ್ರೆ ಯಾರೂ ಎಳೆಯೋಕಾಗಲ್ಲ. ಈ ಸೌಟು ಅವರಿಗೆಲ್ಲ ‘ತಡೀರಿ’ ಅನ್ನುತ್ತೆ. ನಾಳೆ ಬೆಳಗ್ಗೆ ಮತ್ತೆ ಅದೇ ಜನಾನ ನಗ್ತಾ ಮಾತಾಡಿಸೋಕೆ ನನಗೆ ಇಷ್ಟು ಸಾಕು.”

ಸಾಹೇಬರು ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷ ಹಾಲಿನಲ್ಲಿ ಫೋನ್ ಹಿಡಿದು ಕಿರುಚುತ್ತಿದ್ದಾಗ, ಎರಡು ಮಾರು ಆಚೆ ಈ ಅಡುಗೆಮನೆಯಲ್ಲಿ ಹೀಗೊಂದು ಸುಖ ನಡೆಯುತ್ತಿತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ. ಎಂಥಾ ಹೆಂಗಸು ಇವಳು ಎಂದು ಮೆಚ್ಚಿಗೆ ಉಕ್ಕಿತು.

“ನನ್ನ ಮುಖ ಅಲ್ಲ, ಅಂಚು ನೋಡಿ!”

ಹೊಯ್ದರು. ಕಾದರು. ದಾರ ಬಿಚ್ಚಿದರು. ಆತುರ ತಡೆಯದೆ ಎಳೆದರು. ಗಿಳಿ ಬಂತು, ಕೊಕ್ಕು ಮಾತ್ರ ಮರದೊಳಗೇ ಉಳಿಯಿತು. “ಕೊಕ್ಕು ತೆಳು ರೀ, ಎಳೀಬಾರದು. ಅದಾಗೇ ಬಿಡಬೇಕು” ಎಂದರು ಅಲಮೇಲು. ಎರಡನೆಯದಕ್ಕೂ ಕೊಕ್ಕಿಲ್ಲ. ಮೂರನೆಯದಂತೂ ಗಿಳಿಯೋ ಮೊಲವೋ ಎಂದು ಅದನ್ನೇ ಕೇಳಬೇಕು. ಆದರೆ ಸಾಹೇಬರ ಸಂಭ್ರಮ ನೋಡಬೇಕಿತ್ತು! ಪ್ರತಿ ಗಿಳಿ ಬಂದಾಗಲೂ “ಬಂತು ಬಂತು!” ಎಂದು ಒಂಟಿ ಚಪ್ಪಲಿಯಲ್ಲೇ ಕುಣಿದರು. ಇನ್ನೂರರ ಮಾತು ಎಲ್ಲಿ ಹೋಯಿತೋ! ತಟ್ಟೆ ತುಂಬುವಷ್ಟಾದಾಗ ಅಕ್ಕಪಕ್ಕದ ಮನೆಯ ಕುಕ್ಕರುಗಳು ಕೂಗತೊಡಗಿದ್ದವು.

ಆಗ ನೆನಪಾಯಿತು. ಫೋನ್!

ಅಕ್ಕಿ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ ಹೊರತೆಗೆದರೆ, ಪರದೆಯ ತುಂಬ ಭಾರ್ಗವನ ಕರೆಗಳು. ಲಾರಿ ಹಿರಿಯೂರಿನಲ್ಲೇ ನಿಂತಿದೆ! ಅದರ ಹಿಂದೆ ಎಲ್ಲವೂ ನಿಂತಿವೆ! ಕಂಪನಿ ಮುಳುಗಿತು!

“ಭಾರ್ಗವ! ಏನಾಯ್ತಯ್ಯಾ?”

“ಅದು ಆಗ್ಲೇ ಹೊರಟೋಯ್ತು ಸಾರ್.”

“ಯಾರು ಹೇಳಿದ್ರು ಹೊರಡೋಕೆ?”

“ಯಾರೂ ಹೇಳಲಿಲ್ಲ ಸಾರ್. ನಿಮಗೆ ಮಾಡ್ತಾನೇ ಇದ್ವಿ, ನೀವು ಎತ್ತಲಿಲ್ಲ. ಕಾದು ಕಾದು ಸಾಕಾಗಿ ಮೆಕ್ಯಾನಿಕ್ ತಾನೇ ರಿಪೇರಿ ಮಾಡ್ಬಿಟ್ಟ. ನಾನು ಕೊಳಲು ಕ್ಲಾಸಿಗೂ ಹೋಗಿ ಬಂದೆ ಸಾರ್.”

ಸಾಹೇಬರು ಫೋನನ್ನು ತಾವಾಗಿಯೇ ಅಕ್ಕಿಯೊಳಗೆ ಇಟ್ಟರು.

ಹಬ್ಬದ ಹಿಂದಿನ ದಿನ ಬಂತು. ಬೆಳಗ್ಗೆ ಮೇಜಿನ ಮೇಲೆ ಎರಡು ಡಬ್ಬಿಗಳು. ಒಂದರಲ್ಲಿ ಅಲಮೇಲು ಮಾಡಿದ ಚೂಪು ಕೊಕ್ಕಿನ ಗಿಳಿಗಳು. ಇನ್ನೊಂದರಲ್ಲಿ ಸಾಹೇಬರ ಬೋಳು ಮೂತಿಯವು. ಅಲಮೇಲು ಸ್ನಾನಕ್ಕೆ ಹೋಗಿದ್ದರು. ಸಾಹೇಬರ ಕೈ ಮೊದಲನೆಯ ಡಬ್ಬಿಯ ಮೇಲೆ ಹೋಯಿತು. ಹಿಂದೆ ಬಂತು. ಮತ್ತೆ ಹೋಯಿತು. ಇಡೀ ಆಫೀಸು ನಗುತ್ತದೆ! ನಗಲಿ. ನೆಲ ಉಜ್ಜಿದ್ದು ನಾನು, ಕುಣಿದದ್ದೂ ನಾನು. ಬೋಳು ಮೂತಿಯ ಡಬ್ಬಿಯನ್ನೇ ಬಗಲಿಗೆ ಏರಿಸಿಕೊಂಡು ಹೊರಟರು. ಹೊಗಳುವುದಾದರೆ ಈ ಕಥೆಯಲ್ಲಿ ಸಾಹೇಬರನ್ನು ಹೊಗಳಬೇಕಾದ್ದು ಇಲ್ಲೇ, ನಾವೂ ಧಾರಾಳವಾಗಿ ಹೊಗಳಿಬಿಡೋಣ. ಭೇಷ್ ಸೀನು!

ಆಫೀಸಿನಲ್ಲಿ ಎಲ್ಲರೂ ಸುತ್ತುವರಿದರು. ವಿಜಯಲಕ್ಷ್ಮಿ ಮೇಡಂ ಒಂದು ಗಿಳಿ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು.

“ಕೊಕ್ಕೆಲ್ಲಿ ಸೀನು?”

“ಮೇಡಂ, ಸುಳ್ಳು ಹೇಳಿದ್ದೆ. ಪ್ರತಿ ವರ್ಷ ಮಾಡೋದು ನನ್ನ ಹೆಂಡತಿ. ನಾನು ಮಾಡಿದ್ದು ಇದೇ ಮೊದಲು.”

“ಗೊತ್ತು!” ಮೇಡಂ ಗಟ್ಟಿಯಾಗಿ ನಕ್ಕರು. “ನನ್ನ ಅಕೌಂಟ್ ಅವರ ಬ್ರಾಂಚಲ್ಲೇ ಇರೋದು. ಪ್ರತಿ ಸಂಕ್ರಾಂತಿಗೆ ಅವರ ಕೈಯಿಂದ ಎಳ್ಳು ತಗೋತೀನಿ. ಅಲಮೇಲು ಮೇಡಂ ಗಿಳಿಗೆ ಕೊಕ್ಕಿರುತ್ತೆ! ನೀವು ಅವರ ಡಬ್ಬಿನೇ ತರ್ತೀರಾ ಅಂದ್ಕೊಂಡಿದ್ದೆ. ಕೊಕ್ಕಿಲ್ಲದ್ದು ತಂದ್ರಲ್ಲ, ತುಂಬಾ ಸಂತೋಷ ಆಯ್ತು.” ಗಿಳಿಯ ತಲೆಯನ್ನು ಕಟಕ್ಕೆಂದು ಕಚ್ಚಿದರು. “ರುಚಿ ಮಾತ್ರ ಅದೇ.”

ಸಾಹೇಬರ ಎದೆ ಮತ್ತೆ ಉಬ್ಬಿತು. ಅದು ಪೂರ್ತಿ ಉಬ್ಬುವ ಮೊದಲೇ ಮೇಡಂ ಮುಂದುವರಿಸಿದರು: “ಇನ್ನೊಂದು ವಿಷಯ. ಭಾನುವಾರ ಮಧ್ಯಾಹ್ನದ ಮೇಲೆ ನೀವು ಫೋನ್ ಎತ್ತಲಿಲ್ವಂತೆ. ಅವತ್ತು ನಮ್ಮ ಗಾಡಿಗಳೆಲ್ಲ ಯಾವತ್ತಿಗಿಂತ ಬೇಗ ತಲುಪಿವೆ. ಇನ್ಮೇಲೆ ಭಾನುವಾರ ನಿಮಗೆ ಯಾರೂ ಫೋನ್ ಮಾಡಲ್ಲ. ದಯವಿಟ್ಟು ಅಚ್ಚು ಮಾಡ್ಕೊಂಡಿರಿ ಸೀನು. ಕಂಪನಿಗೆ ಒಳ್ಳೇದು!”

ಹಬ್ಬ ಮುಗಿಯಿತು. ಮುಂದಿನ ಭಾನುವಾರ ಬಂತು. ಮರದ ಅಚ್ಚುಗಳು ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿದ್ದವು. ಸಾಹೇಬರು ಬಾಲ್ಕನಿಯಲ್ಲಿ ಕೂತರು, ಎದ್ದರು. ಫೋನ್ ಮೌನ! ಕೆಟ್ಟಿದೆಯೇನೋ ಎಂದು ಅಲಮೇಲು ಫೋನಿನಿಂದ ತಮಗೆ ತಾವೇ ಕರೆ ಮಾಡಿ ನೋಡಿದರು. ಚೆನ್ನಾಗಿಯೇ ಇತ್ತು.

“ಸಂಡಿಗೆ ಕಾಲ ಬರೋವರೆಗೂ ಏನ್ಮಾಡಲಿ ಅಲಮೇಲು?”

“ಭಾರ್ಗವನ ಹತ್ರ ಕೊಳಲು ಕಲೀರಿ. ಊದೋದು ನಿಮಗೆ ಹೊಸದೇನಲ್ಲ” ಎಂದು ಅಡುಗೆಮನೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸಾಹೇಬರು ಒಂದೇ ನೆಗೆತಕ್ಕೆ ಹಾರಿ ಹಿಡಿದರು. ನೋಡಿದಿರಾ! ಕೊನೆಗೂ ಕಂಪನಿಗೆ ಬುದ್ಧಿ ಬಂತು! ಹೆಸರೂ ನೋಡದೆ ಗುಡುಗಿದರು: “ಹಲೋ! ಎಲ್ಲಯ್ಯಾ ನಿಂತಿರೋದು ಲಾರಿ?”

“ಲಾರಿ ಅಲ್ಲ ಕಣ್ರೀ, ನಾನು, ಕೆಳಗಡೆ ಶಂಭುಲಿಂಗಪ್ಪ. ಗಡಿಯಾರಕ್ಕೊಂದು ಮೊಳೆ ಹೊಡೀಬೇಕಿತ್ತು. ನನ್ನ ಸುತ್ತಿಗೆ ವಾಪಸ್ ಕೊಡ್ತೀರಾ?”

“ಈಗ್ಲೇ ತಂದೆ ಸಾರ್” ಎಂದು ಸಾಹೇಬರು ಪೆಚ್ಚಾಗಿ ಎದ್ದರು.

“ಇವತ್ತೂ ಕೊಡಬೇಡ್ರೀ!” ಎಂದು ಒಳಗಿಂದ ಅಲಮೇಲು ಕೂಗಿದರು. “ಕಾಫಿಗೆ ಇನ್ನೂ ಸಕ್ಕರೆ ಒಡೆದಿಲ್ಲ!”